ಸೊಳೆಯ ಭರಣಿ ಮತ್ತು ಗಂಜಿಯ ತಿಳಿ: ಒಂದು ಹಳೆಯ ಪ್ರಶ್ನೆಗೆ ತಡವಾದ ಉತ್ತರ

ಆಟಿ ತಿಂಗಳು ಬಂತೆಂದರೆ ಕುಲಶೇಖರದ ನಮ್ಮ ಮನೆಯಲ್ಲಿ ಉಪ್ಪು ಸೊಳೆಯ ಭರಣಿಯ ಬಾಯಿ ಬಿಚ್ಚುವ ವಾಡಿಕೆ ಇಂದಿಗೂ ಉಳಿದಿದೆ. ಬೇಸಗೆಯಲ್ಲಿ ಬಲಿತ ಹಲಸಿನಕಾಯಿಯ ಸೊಳೆಗಳನ್ನು ಬಿಡಿಸಿ, ಒಂದು ಪದರ ಸೊಳೆ, ಒಂದು ಹಿಡಿ ಕಲ್ಲುಪ್ಪು, ಮತ್ತೆ ಸೊಳೆ, ಮತ್ತೆ ಉಪ್ಪು ಎಂದು ಭರಣಿ ತುಂಬಿ, ಮೇಲೆ ಭಾರವಿಟ್ಟು ಬಾಯಿ ಕಟ್ಟುತ್ತಾರೆ. ತುಳುವಿನಲ್ಲಿ ಇದಕ್ಕೆ ಉಪ್ಪಡ್ ಪಚ್ಚಿರ್ ಎಂದು ಹೆಸರು. ಹಾಕುವಾಗ ಒಂದು ಲೋಟ ನೀರನ್ನೂ ಸೇರಿಸುವುದಿಲ್ಲ. ಆದರೂ ಕೆಲವೇ ದಿನಗಳಲ್ಲಿ ಸೊಳೆಗಳು ತಮ್ಮದೇ ನೀರಿನಲ್ಲಿ ಮುಳುಗಿರುತ್ತವೆ. ಮಳೆಗಾಲದಲ್ಲಿ ಅವನ್ನು ತೆಗೆದು, ಸಿಹಿನೀರಿನಲ್ಲಿ ನೆನೆಸಿ, ನೀರು ಬದಲಿಸಿ ಉಪ್ಪು ಬಿಡಿಸಿ, ಪಲ್ಯವನ್ನೋ ರೊಟ್ಟಿಯನ್ನೋ ಮಾಡುತ್ತಾರೆ.

ನನ್ನಲ್ಲಿ ವಿಜ್ಞಾನ ಕಲಿತವರಿಗೆ ಈ ಭರಣಿಯ ನೆನಪಿರಬಹುದು. ಅಭಿಸರಣೆಯ ಪಾಠ ಬಂದಾಗಲೆಲ್ಲ, ಪಠ್ಯಪುಸ್ತಕದ ಆಲೂಗಡ್ಡೆಯ ಪ್ರಯೋಗಕ್ಕಿಂತ ಮೊದಲು ನಾನು ಭರಣಿಯ ಕತೆಯನ್ನೇ ಹೇಳುತ್ತಿದ್ದೆ. ಜೀವಕೋಶದ ಸುತ್ತ ಒಂದು ತೆಳುವಾದ ಪೊರೆಯಿದೆ. ಅದು ನೀರನ್ನು ಸುಲಭವಾಗಿ ಬಿಡುತ್ತದೆ, ಉಪ್ಪನ್ನು ಸುಲಭವಾಗಿ ಬಿಡುವುದಿಲ್ಲ. ಆದುದರಿಂದ ಹೊರಗೆ ಉಪ್ಪು ಹೆಚ್ಚಿದರೆ ಒಳಗಿನ ನೀರು ಹೊರಗೆ ಬರುತ್ತದೆ ಎಂದು ವಿವರಿಸಿ, ಕರಿಹಲಗೆಯ ಮೇಲೆ ಬಾಣದ ಗುರುತು ಹಾಕುತ್ತಿದ್ದೆ. ಪಾಠ ಚೆನ್ನಾಗಿಯೇ ನಡೆಯುತ್ತಿತ್ತು. 1985ರ ಮಳೆಗಾಲದವರೆಗೆ ಅದರಲ್ಲಿ ಏನೋ ಕೊರತೆಯಿದೆ ಎಂದು ನನಗೆ ಅನಿಸಿಯೂ ಇರಲಿಲ್ಲ.

ಆ ವರ್ಷ ಆರೋಗ್ಯ ಇಲಾಖೆಯ ಸಹಾಯಕಿಯೊಬ್ಬರು ಶಾಲೆಗೆ ಬಂದು, ವಾಂತಿಭೇದಿಯಾದ ಮಕ್ಕಳಿಗೆ ಓ.ಆರ್.ಎಸ್. ಪುಡಿಯನ್ನು ಒಂದು ಲೀಟರ್ ನೀರಿನಲ್ಲಿ ಕದಡಿ ಕುಡಿಸಬೇಕೆಂದು ತೋರಿಸಿಕೊಟ್ಟರು. ಪೊಟ್ಟಣದಲ್ಲಿ ಮುಖ್ಯವಾಗಿ ಇದ್ದುದು ಉಪ್ಪು ಮತ್ತು ಗ್ಲೂಕೋಸ್. ಅವರು ಹೋದ ಮೇಲೆ ನನ್ನ ತರಗತಿಯ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಸರ್, ಭರಣಿಗೆ ಉಪ್ಪು ಹಾಕಿದರೆ ಸೊಳೆಯ ನೀರು ಹೊರಗೆ ಬರುತ್ತದೆ ಎಂದು ನೀವೇ ಹೇಳಿದಿರಿ. ಹಾಗಾದರೆ ಭೇದಿಯಾದ ಮಗುವಿನ ಹೊಟ್ಟೆಗೆ ಉಪ್ಪುನೀರು ಹಾಕಿದರೆ ಮೈಯ ನೀರು ಇನ್ನಷ್ಟು ಹೊರಗೆ ಬರಬೇಕಲ್ಲ? ಅದು ಒಳಗೆ ಹೋಗುವುದು ಹೇಗೆ?"

ನನ್ನಲ್ಲಿ ಉತ್ತರವಿರಲಿಲ್ಲ. ಇಲ್ಲವೆಂದು ಹೇಳುವಷ್ಟು ದೊಡ್ಡತನವೂ ಇರಲಿಲ್ಲ. "ಪರೀಕ್ಷೆಗೆ ಬರುವುದನ್ನು ಮೊದಲು ಸರಿಯಾಗಿ ಕಲಿ" ಎಂದು ಗದರಿ ಕೂರಿಸಿಬಿಟ್ಟೆ. ತರಗತಿ ನಕ್ಕಿತು. ಅವಳು ಆ ವರ್ಷ ಮತ್ತೊಂದು ಪ್ರಶ್ನೆಯನ್ನು ಕೇಳಲಿಲ್ಲ.

ಆ ಪ್ರಶ್ನೆ ನನ್ನನ್ನು ಅಷ್ಟೊಂದು ಚುಚ್ಚಿದ್ದಕ್ಕೆ ಬೇರೊಂದು ಕಾರಣವೂ ಇತ್ತು. ಅದನ್ನು ನಮ್ಮ ಬಂಧುಗಳಲ್ಲಿ ಹಿರಿಯರು ಬಲ್ಲರು; ಕಿರಿಯರಿಗೆ ಹೇಳಿದ್ದಿಲ್ಲ. 1956ರ ಆಟಿಯಲ್ಲಿ, ನನಗೆ ಒಂಬತ್ತು ವರ್ಷವಾಗಿದ್ದಾಗ, ಎರಡು ವರ್ಷದ ನನ್ನ ತಂಗಿ ವಾಂತಿಭೇದಿಯಿಂದ ತೀರಿಕೊಂಡಳು. ಎರಡು ದಿನ ಅವಳು ನೀರು ನೀರು ಎಂದು ಅಳುತ್ತಿದ್ದಳು. ಭೇದಿಯಾಗುವಾಗ ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ ಎಂಬುದು ಅಜ್ಜಿಯ ನಂಬಿಕೆ. ಹತ್ತಿಯನ್ನು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದರೇ ಹೊರತು ಕುಡಿಯಲು ಕೊಡಲಿಲ್ಲ. ಎರಡನೆಯ ದಿನ ಸಂಜೆಗೆ ಅಳುವಾಗ ಕಣ್ಣೀರೂ ಬರುತ್ತಿರಲಿಲ್ಲ. ಒಲೆಯ ಮೇಲೆ ಕುಚ್ಚಲಕ್ಕಿಯ ಗಂಜಿ ಎಂದಿನಂತೆ ಬೇಯುತ್ತಿತ್ತು. ಅದರ ತಿಳಿಯನ್ನು ಉಪ್ಪು ಹಾಕಿ ನಾವು ಉಳಿದ ಮಕ್ಕಳು ಕುಡಿದೆವು.

ನೀರು ಕೊಟ್ಟರೆ ಕೆಡುಕು ಎಂದು ಅಜ್ಜಿ ಹೇಳಿದ್ದೂ, ಉಪ್ಪು ಕೊಟ್ಟರೆ ಕೆಡುಕಲ್ಲವೇ ಎಂದು ಹುಡುಗಿ ಕೇಳಿದ್ದೂ ಮೇಲ್ನೋಟಕ್ಕೆ ಒಂದೇ ಬಗೆಯ ತರ್ಕ. ಎರಡನ್ನೂ ಸುಳ್ಳೆಂದು ತಳ್ಳಿಹಾಕುವುದು ಸುಲಭ. ಏಕೆ ಸುಳ್ಳು ಎಂದು ಹೇಳುವುದಕ್ಕೆ ಮಾತ್ರ ವಿಜ್ಞಾನಕ್ಕೆ ಇನ್ನೂರಕ್ಕೂ ಹೆಚ್ಚು ವರ್ಷಗಳು ಹಿಡಿದವು. ನಿವೃತ್ತಿಯ ಬಳಿಕ ಬಿಡುವಿನಲ್ಲಿ ಓದಿ ತಿಳಿದುಕೊಂಡ ಆ ಇತಿಹಾಸವನ್ನು ಇಲ್ಲಿ ಬರೆಯುತ್ತಿದ್ದೇನೆ.

ಕತೆ ಆರಂಭವಾಗುವುದು 1748ರಲ್ಲಿ, ಫ್ರಾನ್ಸಿನಲ್ಲಿ. ಆಬೆ ನೊಲೆ ಎಂಬ ಪಾದ್ರಿ ಭೌತವಿಜ್ಞಾನಿಯೂ ಆಗಿದ್ದ. ದ್ರವಗಳಲ್ಲಿ ಅಡಗಿರುವ ಗಾಳಿಯ ಬಗ್ಗೆ ಪ್ರಯೋಗ ಮಾಡುತ್ತಿದ್ದಾಗ, ಮದ್ಯಸಾರ ತುಂಬಿದ ಸಣ್ಣ ಸೀಸೆಯ ಬಾಯಿಗೆ ಹಂದಿಯ ಮೂತ್ರಕೋಶದ ಪೊರೆಯನ್ನು ಬಿಗಿದು ಅದನ್ನು ನೀರಿನಲ್ಲಿ ಮುಳುಗಿಸಿಟ್ಟ. ಕೆಲವು ಗಂಟೆಗಳ ಬಳಿಕ ಪೊರೆ ಉಬ್ಬಿ ನಿಂತಿತ್ತು. ಸೂಜಿಯಿಂದ ಚುಚ್ಚಿದಾಗ ದ್ರವ ಕಾರಂಜಿಯಂತೆ ಮೇಲಕ್ಕೆ ಚಿಮ್ಮಿತು. ಪೊರೆಯ ಮೂಲಕ ನೀರು ತಾನಾಗಿ ಒಳನುಗ್ಗಿತ್ತು. ನೊಲೆ ಇದನ್ನು ಬರೆದಿಟ್ಟ. ಆಮೇಲೆ ಸುಮಾರು ಎಂಬತ್ತು ವರ್ಷ ಅದಕ್ಕೆ ಯಾರೂ ಹೆಚ್ಚಿನ ಬೆಲೆ ಕೊಡಲಿಲ್ಲ.

1826ರ ಬಳಿಕ ಹೆನ್ರಿ ಡ್ಯುಟ್ರೋಷೆ ಎಂಬ ಫ್ರೆಂಚ್ ವೈದ್ಯ ಅದನ್ನೇ ಮತ್ತೆ ಕಂಡು, ಅಳೆಯುವುದಕ್ಕೊಂದು ಉಪಕರಣವನ್ನು ಮಾಡಿ, ಸಸ್ಯಗಳ ಬೇರಿನಿಂದ ಹಿಡಿದು ಪ್ರಾಣಿಗಳ ಅಂಗಾಂಗಗಳವರೆಗೆ ಎಲ್ಲೆಡೆ ಇದೇ ಕ್ರಿಯೆ ನಡೆಯುತ್ತದೆ ಎಂದು ಸಾರಿದ. ಒಳಮುಖ, ಹೊರಮುಖ ಎಂದು ಅವನು ಕೊಟ್ಟ ಎರಡು ಹೆಸರುಗಳನ್ನು ಥಾಮಸ್ ಗ್ರಹಾಂ 1854ರಲ್ಲಿ ಒಂದಾಗಿಸಿದ. ಆಸ್ಮಾಸಿಸ್ ಎಂಬ ಹೆಸರು ಬಂದದ್ದು ಹೀಗೆ. ತಳ್ಳುವುದು ಎಂಬ ಅರ್ಥದ ಗ್ರೀಕ್ ಪದ ಅದರ ಮೂಲ. ಇದೇ ಗ್ರಹಾಂ 1861ರಲ್ಲಿ ಪೊರೆಯ ಮೂಲಕ ಸಣ್ಣ ಕಣಗಳನ್ನು ದೊಡ್ಡ ಕಣಗಳಿಂದ ಬೇರ್ಪಡಿಸಿ, ಆ ವಿಧಾನಕ್ಕೆ ಡಯಾಲಿಸಿಸ್ ಎಂದು ಕರೆದ. ನಮ್ಮ ಬಂಧುಗಳಲ್ಲಿ ವಾರಕ್ಕೆರಡು ಬಾರಿ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳುವವರಿದ್ದಾರೆ. ಅವರ ಬಾಯಲ್ಲಿರುವ ಪದ ಅಷ್ಟು ಹಳೆಯದು.

ಮುಂದಿನ ಹೆಜ್ಜೆಯನ್ನು ಇಟ್ಟವನು ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಲ್ಲ. ಮೋರಿಟ್ಸ್ ಟ್ರೌಬೆ ಎಂಬ ಜರ್ಮನ್ ದ್ರಾಕ್ಷಾರಸದ ವ್ಯಾಪಾರಿ. ಮನೆತನದ ವ್ಯಾಪಾರ ನೋಡಿಕೊಳ್ಳುತ್ತಲೇ ಸ್ವಂತ ಪ್ರಯೋಗಶಾಲೆಯಲ್ಲಿ ಕೆಲಸ ಮಾಡುತ್ತಿದ್ದ ಅವನು, 1860ರ ದಶಕದಲ್ಲಿ ತಾಮ್ರದ ಲವಣವೊಂದರಿಂದ ಕೃತಕ ಪೊರೆಯನ್ನು ತಯಾರಿಸಿದ. ಅದು ನೀರನ್ನು ಬಿಟ್ಟು ಸಕ್ಕರೆಯನ್ನು ತಡೆಯುತ್ತಿತ್ತು. ಆದರೆ ಮುಟ್ಟಿದರೆ ಹರಿದುಹೋಗುವಷ್ಟು ದುರ್ಬಲ. ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್ ಇದಕ್ಕೆ ಉಪಾಯ ಹುಡುಕಿದ. ಸಣ್ಣ ಮಣ್ಣಿನ ಪಾತ್ರೆಯ ರಂಧ್ರಗಳ ಒಳಗೇ ಆ ಪೊರೆ ಬೆಳೆಯುವಂತೆ ಮಾಡಿ, ಮಣ್ಣಿನ ಗೋಡೆಯ ಬಲವನ್ನು ಪೊರೆಗೆ ಕೊಟ್ಟ.

ಮಣ್ಣನ್ನು ಬಲ್ಲ ಮಂಗಳೂರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸುಟ್ಟ ಹೆಂಚು ನೀರು ಹೀರುವುದನ್ನೂ, ಹೂಜಿಯ ಹೊರಮೈ ಬೆವರುವುದನ್ನೂ ನೋಡಿಕೊಂಡೇ ಬೆಳೆದವರು ನಾವು. ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಜೆಪ್ಪುವಿನಲ್ಲಿ ಆರಂಭವಾದದ್ದು 1865ರಲ್ಲಿ. ಅದಾಗಿ ಹನ್ನೆರಡು ವರ್ಷಕ್ಕೆ, 1877ರಲ್ಲಿ, ಫೆಫರ್ ತನ್ನ ಮಣ್ಣಿನ ಪಾತ್ರೆಯ ಅಳತೆಗಳನ್ನು ಪ್ರಕಟಿಸಿದ. ನೂರಕ್ಕೆ ಒಂದು ಪಾಲು ಸಕ್ಕರೆ ಬೆರೆಸಿದ ನೀರು ಸುಮಾರು 53 ಸೆಂಟಿಮೀಟರ್ ಪಾದರಸವನ್ನು ಎತ್ತಿ ಹಿಡಿಯುವಷ್ಟು ಒತ್ತಡವನ್ನು ಉಂಟುಮಾಡಿತ್ತು. ಪಾದರಸದ ಬದಲು ನೀರಿನ ಲೆಕ್ಕದಲ್ಲಿ ಹೇಳುವುದಾದರೆ ಏಳು ಮೀಟರಿಗೂ ಎತ್ತರ, ಎಂದರೆ ಎರಡಂತಸ್ತಿನ ಮನೆಯ ತಾರಸಿಯವರೆಗೆ. ಅಷ್ಟು ಸಪ್ಪೆಯಾದ ಸಕ್ಕರೆ ನೀರಿಗೆ ಅಷ್ಟು ಶಕ್ತಿ! ನಾಲ್ಕು ಪಾಲು ಸಕ್ಕರೆ ಬೆರೆಸಿದಾಗ ಒತ್ತಡವೂ ಸುಮಾರು ನಾಲ್ಕು ಪಟ್ಟಾಯಿತು.

ಈ ಅಂಕಿಗಳ ಅರ್ಥವನ್ನು ಬಿಡಿಸಿದವನು ಆಮ್‌ಸ್ಟರ್‌ಡಾಮಿನ ರಸಾಯನ ವಿಜ್ಞಾನಿ ವಾಂಟ್ ಹಾಫ್. ಸಸ್ಯವಿಜ್ಞಾನಿ ಹ್ಯೂಗೋ ಡಿ ಫ್ರೀಸ್ ದಾರಿಯಲ್ಲಿ ಸಿಕ್ಕಾಗ ಫೆಫರನ ಅಳತೆಗಳ ಬಗ್ಗೆ ತನಗೆ ಹೇಳಿದನೆಂದು ಆತನೇ ನೆನೆಸಿಕೊಂಡಿದ್ದಾನೆ. 1885ರಿಂದ 1887ರ ನಡುವೆ ವಾಂಟ್ ಹಾಫ್ ಕಂಡುಕೊಂಡ ತತ್ತ್ವ ಬಹಳ ಸರಳ: ನೀರನ್ನು ಸೆಳೆಯುವ ಈ ಒತ್ತಡವು ಕರಗಿದ ವಸ್ತುವಿನ ತೂಕವನ್ನು ಅವಲಂಬಿಸುವುದಿಲ್ಲ, ಕರಗಿದ ಕಣಗಳ ಸಂಖ್ಯೆಯನ್ನು ಅವಲಂಬಿಸುತ್ತದೆ. 1901ರಲ್ಲಿ ರಸಾಯನ ವಿಜ್ಞಾನಕ್ಕೆಂದು ಕೊಟ್ಟ ಮೊತ್ತಮೊದಲ ನೊಬೆಲ್ ಪಾರಿತೋಷಕ ವಾಂಟ್ ಹಾಫನಿಗೆ ಸಂದಿತು. ತೂಕವಲ್ಲ, ಸಂಖ್ಯೆ ಎಂಬ ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಗಂಜಿಯ ವಿಷಯ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಇಷ್ಟರವರೆಗಿನದು ನಾನು ತರಗತಿಯಲ್ಲಿ ಹೇಳುತ್ತಿದ್ದ ಪಾಠದ ಹಿನ್ನೆಲೆ. ಇದರಿಂದ ಭರಣಿಯನ್ನು ವಿವರಿಸಬಹುದು. ಹುಡುಗಿಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ. ಉತ್ತರ ಇರುವುದು ಪೊರೆಯ ರಚನೆಯಲ್ಲಿ. ಜೀವಕೋಶದ ಪೊರೆ ಹಂದಿಯ ಮೂತ್ರಕೋಶದಂತೆಯೋ ತಾಮ್ರದ ಲವಣದ ಪದರದಂತೆಯೋ ಇರುವ ಬರಿಯ ಜರಡಿಯಲ್ಲ.

1890ರ ದಶಕದಲ್ಲಿ ಜೂರಿಚಿನಲ್ಲಿ ಅರ್ನೆಸ್ಟ್ ಓವರ್ಟನ್ ನೂರಾರು ವಸ್ತುಗಳನ್ನು ಜೀವಕೋಶಗಳ ಮೇಲೆ ಪ್ರಯೋಗಿಸಿ ನೋಡಿದ. ಎಣ್ಣೆಯಲ್ಲಿ ಸುಲಭವಾಗಿ ಕರಗುವ ವಸ್ತುಗಳು ಸುಲಭವಾಗಿ ಒಳಹೋಗುತ್ತಿದ್ದವು. ಆದುದರಿಂದ ಪೊರೆ ಎಣ್ಣೆಯಂತಹ ಕೊಬ್ಬಿನ ಪದಾರ್ಥದಿಂದ ಆಗಿರಬೇಕು ಎಂದು ಅವನು ತರ್ಕಿಸಿದ. 1925ರಲ್ಲಿ ಹಾಲೆಂಡಿನ ಗೋರ್ಟರ್ ಮತ್ತು ಗ್ರೆಂಡೆಲ್ ಕೆಂಪು ರಕ್ತಕಣಗಳ ಕೊಬ್ಬನ್ನು ತೆಗೆದು ನೀರಿನ ಮೇಲೆ ಹರಡಿ ಅಳೆದು, ಅದು ಕಣಗಳ ಹೊರಮೈಯ ಎರಡರಷ್ಟು ವಿಸ್ತಾರವಿದೆ ಎಂದು ಕಂಡರು. ಎಂದರೆ ಪೊರೆಯಲ್ಲಿರುವುದು ಕೊಬ್ಬಿನ ಎರಡು ಪದರ. ಅವರ ಲೆಕ್ಕದಲ್ಲಿ ಎರಡು ತಪ್ಪುಗಳಿದ್ದವೆಂದೂ, ಒಂದು ತಪ್ಪು ಇನ್ನೊಂದನ್ನು ಸರಿದೂಗಿಸಿತೆಂದೂ ಆಮೇಲೆ ತಿಳಿಯಿತು. ನನ್ನ ಕೆಲವು ವಿದ್ಯಾರ್ಥಿಗಳ ಗಣಿತದ ಉತ್ತರಪತ್ರಿಕೆಗಳಲ್ಲಿಯೂ ಈ ಪವಾಡವನ್ನು ನಾನು ಕಂಡಿದ್ದೇನೆ.

ಒಂದು ಮಿಲಿಮೀಟರನ್ನು ಲಕ್ಷ ಪಾಲು ಮಾಡಿದರೆ ಬರುವ ಒಂದು ಪಾಲಿಗಿಂತಲೂ ತೆಳುವಾದ ಈ ಎಣ್ಣೆಯ ಗೋಡೆಯನ್ನು ಉಪ್ಪು ದಾಟಲಾರದು, ಸಕ್ಕರೆಯೂ ದಾಟಲಾರದು. ಆದರೆ ಬದುಕಿರುವ ಕೋಶಕ್ಕೆ ಎರಡೂ ಬೇಕು. ಹಾಗಿದ್ದಲ್ಲಿ ಗೋಡೆಯಲ್ಲಿ ಬಾಗಿಲುಗಳಿರಬೇಕು. ಇಪ್ಪತ್ತನೆಯ ಶತಮಾನದ ಉತ್ತರಾರ್ಧವೆಲ್ಲ ಈ ಬಾಗಿಲುಗಳ ಶೋಧದ ಕಾಲ.

ಮೊದಲು ಸಿಕ್ಕಿದ್ದು ಬಾಗಿಲಲ್ಲ, ಪಂಪು. 1957ರಲ್ಲಿ ಡೆನ್ಮಾರ್ಕಿನ ಯೆನ್ಸ್ ಸ್ಕೌ ಏಡಿಯ ಕಾಲಿನ ನರಗಳಲ್ಲಿ ಒಂದು ಪ್ರೋಟೀನನ್ನು ಗುರುತಿಸಿದ. ಅದು ಕೋಶದ ಶಕ್ತಿಯನ್ನು ಖರ್ಚು ಮಾಡಿ ಮೂರು ಸೋಡಿಯಂ ಕಣಗಳನ್ನು ಹೊರಗೆ ಹಾಕಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ತರುತ್ತದೆ. ದೋಣಿಯೊಳಗೆ ಬಂದ ನೀರನ್ನು ಮೊಗೆದು ಮೊಗೆದು ಹೊರಚೆಲ್ಲುವ ಹಾಗೆ, ಪ್ರತಿಯೊಂದು ಕೋಶವೂ ಹುಟ್ಟಿನಿಂದ ಸಾಯುವವರೆಗೆ ಉಪ್ಪನ್ನು ಹೊರಗೆ ಹಾಕುತ್ತಲೇ ಇರುತ್ತದೆ. ಇದಕ್ಕಾಗಿ ಸ್ಕೌ 1997ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದ.

1960ರ ಆಗಸ್ಟಿನಲ್ಲಿ, ಪ್ರಾಗ್ ನಗರದ ಒಂದು ವಿಚಾರಗೋಷ್ಠಿಯಲ್ಲಿ ಅಮೆರಿಕದ ರಾಬರ್ಟ್ ಕ್ರೇನ್ ಹುಡುಗಿಯ ಪ್ರಶ್ನೆಗೆ ಉತ್ತರದ ಬೀಜವನ್ನು ಮಂಡಿಸಿದ. ಕರುಳಿನ ಕೋಶಗಳಲ್ಲಿ ಒಂದು ವಿಶೇಷವಾದ ಬಾಗಿಲಿದೆ. ಅದನ್ನು ಸೋಡಿಯಂ ಒಂದೇ ಬಂದು ತಟ್ಟಿದರೆ ತೆರೆಯದು. ಗ್ಲೂಕೋಸ್ ಒಂದೇ ಬಂದು ತಟ್ಟಿದರೂ ತೆರೆಯದು. ಎರಡೂ ಜತೆಯಾಗಿ ಬಂದರೆ ಮಾತ್ರ ಇಬ್ಬರನ್ನೂ ಒಳಗೆ ಬಿಡುತ್ತದೆ. ಒಂದು ಗ್ಲೂಕೋಸಿಗೆ ಎರಡು ಸೋಡಿಯಂ ಎಂಬುದು ಈಗ ತಿಳಿದಿರುವ ಲೆಕ್ಕ. ಒಳಗೆ ಬಂದ ಸೋಡಿಯಮನ್ನು ಸ್ಕೌನ ಪಂಪು ಕೋಶದ ಇನ್ನೊಂದು ಬದಿಯಿಂದ ರಕ್ತದ ಕಡೆಗೆ ತಳ್ಳುತ್ತದೆ. ಈಗ ಉಪ್ಪು ರಕ್ತದ ಬದಿಯಲ್ಲಿ ಹೆಚ್ಚಾಯಿತು, ಕರುಳಿನ ಬದಿಯಲ್ಲಿ ಕಡಿಮೆಯಾಯಿತು. ನೀರು ಎಲ್ಲಿಗೆ ಹೋಗಬೇಕು? ಉಪ್ಪಿದ್ದಲ್ಲಿಗೆ. ನಾನು ಕರಿಹಲಗೆಯ ಮೇಲೆ ಹಾಕಿದ ಬಾಣದ ನಿಯಮ ಎಲ್ಲಿಯೂ ಮುರಿಯಲಿಲ್ಲ. ಉಪ್ಪು ಮೊದಲು ಗೋಡೆ ದಾಟುತ್ತದೆ, ನೀರು ಅದನ್ನು ಹಿಂಬಾಲಿಸುತ್ತದೆ. ಅಷ್ಟೇ ನಾನು ಅರಿಯದೇ ಇದ್ದದ್ದು. ಭರಣಿಯಲ್ಲಿ ಉಪ್ಪು ಅಷ್ಟೊಂದು ಇರುವಾಗ ಈ ಬಾಗಿಲುಗಳಿಗೆ ಯಾವ ಕೆಲಸವೂ ಉಳಿಯುವುದಿಲ್ಲ, ಕೋಶಗಳೇ ಸತ್ತುಹೋಗುತ್ತವೆ. ಬದುಕಿರುವ ಕರುಳು ಭರಣಿಯಲ್ಲ.

ಇನ್ನು ಕಾಲರಾದ ಕತೆ. 1817ರಲ್ಲಿ ಬಂಗಾಳದಿಂದ ಹೊರಟು ಜಗತ್ತನ್ನು ಸುತ್ತಿದ ಈ ರೋಗ ಇಂಗ್ಲೆಂಡನ್ನು ಮುಟ್ಟಿದಾಗ, 1831ರಲ್ಲಿ ಓಶಾನೆಸಿ ಎಂಬ ಇಪ್ಪತ್ತೆರಡರ ತರುಣ ವೈದ್ಯ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಉಪ್ಪೂ ಬತ್ತಿಹೋಗಿವೆ ಎಂದು ತೋರಿಸಿದ. ಮುಂದೆ ಕಲ್ಕತ್ತಕ್ಕೆ ಬಂದು ಭಾರತದಲ್ಲಿ ಟೆಲಿಗ್ರಾಫ್ ತಂತಿ ಎಳೆಸಿದವನೂ ಇವನೇ. 1832ರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಲಾಟಾ ರಕ್ತನಾಳಕ್ಕೇ ಉಪ್ಪುನೀರು ಹರಿಸಿ ಕೆಲವರನ್ನು ಸಾವಿನ ದವಡೆಯಿಂದ ಹಿಂದಕ್ಕೆ ತಂದ. ಮಾರ್ಗ ಸರಿಯಿತ್ತು, ಶುದ್ಧವಾದ ಉಪ್ಪುನೀರಿಗಾಗಲೀ ಸರಿಯಾದ ಪ್ರಮಾಣಕ್ಕಾಗಲೀ ಕಾಲ ಕೂಡಿ ಬಂದಿರಲಿಲ್ಲ. ಅವನ ಬಳಿಕ ಬಹುಕಾಲ ಅದು ಮೂಲೆಗುಂಪಾಯಿತು. ಭೇದಿಯಾದವರ ಹೊಟ್ಟೆಗೆ ವಿಶ್ರಾಂತಿ ಕೊಡಬೇಕು, ಏನನ್ನೂ ಕೊಡಬಾರದು ಎಂಬ ಅಭಿಪ್ರಾಯ ದೊಡ್ಡ ದೊಡ್ಡ ವೈದ್ಯರಲ್ಲಿಯೂ ಇಪ್ಪತ್ತನೆಯ ಶತಮಾನದ ಮಧ್ಯದವರೆಗೆ ಇತ್ತು. ಇದನ್ನು ಓದಿದ ಮೇಲೆ ನನ್ನ ಅಜ್ಜಿಯ ಮೇಲೆ ಎಷ್ಟೋ ವರ್ಷದಿಂದ ಇದ್ದ ಮುನಿಸು ಹೋಯಿತು.

ಕಾಲರಾ ಮೈಯ ನೀರನ್ನು ಹೇಗೆ ಹೊರಗೆಳೆಯುತ್ತದೆ ಎಂಬುದನ್ನು ಕಂಡುಹಿಡಿದವರಲ್ಲಿ ಮುಖ್ಯರು ಕಲ್ಕತ್ತದ ಶಂಭುನಾಥ ಡೇ. ರೋಗಾಣು ಸ್ರವಿಸುವ ವಿಷವೇ ರೋಗದ ಕಾರಣವೆಂದು ಅವರು 1959ರಲ್ಲಿ ತೋರಿಸಿದರು. ಆ ವಿಷ ಕರುಳಿನ ಕೋಶಗಳ ಕ್ಲೋರೈಡ್ ಬಾಗಿಲುಗಳನ್ನು ಮುಚ್ಚದಂತೆ ತೆರೆದಿಟ್ಟುಬಿಡುತ್ತದೆ. ಉಪ್ಪು ಕರುಳಿಗೆ ಸುರಿಯುತ್ತದೆ, ನೀರು ಹಿಂಬಾಲಿಸುತ್ತದೆ. ಆರೋಗ್ಯವಂತನ ಕರುಳಿಗೆ ದಿನಕ್ಕೆ ಸುಮಾರು ಒಂಬತ್ತು ಲೀಟರ್ ದ್ರವ ಬರುತ್ತದೆ. ಕುಡಿದದ್ದು ಎರಡು ಲೀಟರಿನಷ್ಟು, ಉಳಿದದ್ದು ದೇಹವೇ ಸ್ರವಿಸುವ ಜೊಲ್ಲು, ಪಿತ್ತರಸ ಮುಂತಾದುವು. ಅದರಲ್ಲಿ ಬಹುತೇಕ ಎಲ್ಲವೂ ಹಿಂದಕ್ಕೆ ಹೀರಲ್ಪಟ್ಟು, ಹೊರಹೋಗುವುದು ಒಂದು ಲೋಟದಷ್ಟೂ ಇಲ್ಲ. ಕಾಲರಾ ತೀವ್ರವಾದಾಗ ಗಂಟೆಗೆ ಒಂದು ಲೀಟರಿನವರೆಗೂ ನೀರು ಹೊರಹೋಗಬಹುದು. ಆದರೆ ಆ ಹೊತ್ತಿನಲ್ಲಿಯೂ ಸೋಡಿಯಂ ಮತ್ತು ಗ್ಲೂಕೋಸಿನ ಜೋಡಿ ಬಾಗಿಲು ಕೆಡುವುದಿಲ್ಲ! ಊರೆಲ್ಲ ನೆರೆಯಲ್ಲಿ ಮುಳುಗಿದಾಗ ಒಂದು ಹೆದ್ದಾರಿ ಮಾತ್ರ ತೆರೆದಿದ್ದಂತೆ.

ಆ ಹಾದಿಯಲ್ಲಿ ನಡೆದವರೂ ಹೆಚ್ಚಾಗಿ ನಮ್ಮ ಉಪಖಂಡದಲ್ಲಿಯೇ ಕೆಲಸ ಮಾಡಿದವರು. ಕಲ್ಕತ್ತದ ಹೇಮೇಂದ್ರನಾಥ ಚಟರ್ಜಿ 1953ರಲ್ಲಿಯೇ 186 ರೋಗಿಗಳಿಗೆ ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಬಾಯಿಯ ಮೂಲಕ ಕೊಟ್ಟ ವರದಿಯನ್ನು ಪ್ರಕಟಿಸಿದ್ದರು. ಕ್ರೇನನ ಬಾಗಿಲು ಆಗ ಯಾರಿಗೂ ತಿಳಿದಿರಲಿಲ್ಲ. ಜಗತ್ತು ಅವರ ಮಾತಿಗೆ ಕಿವಿಗೊಡಲಿಲ್ಲ. ಇದಾದದ್ದು ನನ್ನ ತಂಗಿ ತೀರಿಕೊಳ್ಳುವುದಕ್ಕೆ ಮೂರು ವರ್ಷ ಮೊದಲು. 1968ರಲ್ಲಿ ಢಾಕಾದಲ್ಲಿ ಡೇವಿಡ್ ನಾಲಿನ್ ಮತ್ತು ರಿಚರ್ಡ್ ಕ್ಯಾಶ್ ಎಂಬ ತರುಣ ವೈದ್ಯರು ರೋಗಿ ಕಳೆದುಕೊಂಡಷ್ಟನ್ನೇ ಅಳೆದು ಕುಡಿಸಿ ಚಿಕಿತ್ಸೆಯನ್ನು ಖಚಿತಪಡಿಸಿದರು.

ಕಡು ಪರೀಕ್ಷೆ ಬಂದದ್ದು 1971ರಲ್ಲಿ. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದ ಲಕ್ಷಾಂತರ ನಿರಾಶ್ರಿತರು ಪಶ್ಚಿಮ ಬಂಗಾಳದ ಬೊಂಗಾವ್‌ನಲ್ಲಿ ಬೀಡುಬಿಟ್ಟಿದ್ದಾಗ ಕಾಲರಾ ಕಾಣಿಸಿಕೊಂಡಿತು. ಅಲ್ಲಿಗೆ ಹೋದ ಡಾ. ದಿಲೀಪ್ ಮಹಾಲನಬಿಸ್ ಅವರ ಎದುರಿಗಿದ್ದುದು ಎರಡು ಕೋಣೆ, ಹದಿನಾರು ಹಾಸಿಗೆ, ನೆಲದ ತುಂಬ ಮಲಗಿದ್ದ ರೋಗಿಗಳು. ರಕ್ತನಾಳಕ್ಕೆ ಹಾಕುವ ಸಲೈನ್ ಮುಗಿಯುತ್ತಾ ಬಂದಿತ್ತು. ಅವರು ಒಂದು ಲೀಟರಿಗೆ 22 ಗ್ರಾಂ ಗ್ಲೂಕೋಸ್, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡುಗೆ ಸೋಡದ ಪುಡಿಯನ್ನು ಪೊಟ್ಟಣ ಕಟ್ಟಿಸಿ ತಂದು, ಡ್ರಮ್ಮುಗಳಲ್ಲಿ ಕರಗಿಸಿ, ರೋಗಿಗಳ ತಾಯಂದಿರು, ಅಣ್ಣತಮ್ಮಂದಿರ ಕೈಯಲ್ಲಿಯೇ ಕುಡಿಸಿದರು. ಶಿಬಿರಗಳಲ್ಲಿ ನೂರಕ್ಕೆ ಮೂವತ್ತರಷ್ಟಿದ್ದ ಸಾವು, ಅವರು ನೋಡಿಕೊಂಡ ಸುಮಾರು 3,700 ರೋಗಿಗಳಲ್ಲಿ ನೂರಕ್ಕೆ 3.6ಕ್ಕೆ ಇಳಿಯಿತು. ವೈದ್ಯರಲ್ಲದವರೂ ಈ ಚಿಕಿತ್ಸೆಯನ್ನು ನಡೆಸಬಹುದೆಂಬುದು ಬೊಂಗಾವ್‌ನಿಂದ ಜಗತ್ತು ಕಲಿತ ಪಾಠ. ಬಾಂಗ್ಲಾದೇಶದಲ್ಲಿ 1980ರ ದಶಕದಲ್ಲಿ ಬ್ರಾಕ್ ಸಂಸ್ಥೆಯ ಹೆಣ್ಣುಮಕ್ಕಳು ಕೋಟಿಗೂ ಮಿಕ್ಕ ಮನೆಗಳ ಬಾಗಿಲಿಗೆ ಹೋಗಿ, ಒಂದು ಹಿಡಿ ಬೆಲ್ಲ, ಮೂರು ಬೆರಳ ಚಿಟಿಕೆ ಉಪ್ಪು ಎಂದು ತಾಯಂದಿರಿಗೆ ಕಲಿಸಿದರು. ಈ ಚಿಕಿತ್ಸೆಯಿಂದ ಉಳಿದ ಜೀವಗಳು ಐದು ಕೋಟಿಗೂ ಹೆಚ್ಚೆಂದು ಅಂದಾಜು. ಮಹಾಲನಬಿಸ್ 2022ರಲ್ಲಿ ನಿಧನರಾದರು. ಪದ್ಮವಿಭೂಷಣ ಬಂದದ್ದು ಮರಣಾನಂತರ, 2023ರಲ್ಲಿ.

ಇನ್ನು ಗಂಜಿಯ ತಿಳಿ. ಅಕ್ಕಿಯ ಪಿಷ್ಟವೆಂದರೆ ನೂರಾರು, ಸಾವಿರಾರು ಗ್ಲೂಕೋಸುಗಳು ಸರಪಣಿಯಂತೆ ಕೋದುಕೊಂಡ ಒಂದೇ ದೊಡ್ಡ ಕಣ. ನೀರನ್ನು ಸೆಳೆಯುವುದು ತೂಕವಲ್ಲ, ಸಂಖ್ಯೆ ಎಂದು ವಾಂಟ್ ಹಾಫ್ ಹೇಳಿದ್ದನ್ನು ನೆನಪಿಸಿಕೊಳ್ಳಿ. ಗಂಜಿಯಲ್ಲಿ ಕಣಗಳ ಸಂಖ್ಯೆ ಕಡಿಮೆ. ಆದುದರಿಂದ ಅದು ಮೈಯ ನೀರನ್ನು ಕರುಳಿಗೆ ಸೆಳೆಯುವುದಿಲ್ಲ. ಆದರೆ ಕರುಳಿನ ಗೋಡೆಯ ಬಳಿ ಅದು ಸ್ವಲ್ಪ ಸ್ವಲ್ಪವಾಗಿ ಜೀರ್ಣವಾಗಿ, ಗ್ಲೂಕೋಸ್ ಕಳಚಿಕೊಂಡು, ಉಪ್ಪಿನ ಜತೆಗೂಡಿ ಬಾಗಿಲು ತಟ್ಟುತ್ತದೆ. 1980ರ ದಶಕದ ಪ್ರಯೋಗಗಳಲ್ಲಿ ಅಕ್ಕಿಯ ಪುಡಿಯಿಂದ ಮಾಡಿದ ದ್ರಾವಣವು ಕಾಲರಾ ರೋಗಿಗಳ ಭೇದಿಯನ್ನು ಗ್ಲೂಕೋಸಿನ ದ್ರಾವಣಕ್ಕಿಂತಲೂ ಹೆಚ್ಚು ಕಡಿಮೆ ಮಾಡಿದ್ದು ಕಂಡುಬಂತು. ಆಟಿಯಲ್ಲಿ ಮಾರಿಯನ್ನು ಓಡಿಸಲು ಮನೆಮನೆಗೆ ಬರುವ ಆಟಿ ಕಳಂಜನಿಗೆ ನಮ್ಮ ಹಿರಿಯರು ಅಕ್ಕಿಯನ್ನೂ ಉಪ್ಪನ್ನೂ ಕೊಟ್ಟು ಕಳುಹಿಸುತ್ತಿದ್ದರು. ನನ್ನ ತಂಗಿಗೆ ಬೇಕಾಗಿದ್ದುದೂ ಅವೆರಡೇ. ಎರಡೂ ನಮ್ಮ ಒಲೆಯ ಮೇಲಿದ್ದವು.

ಹುಡುಗಿಯ ಪ್ರಶ್ನೆ ಇಲ್ಲಿಗೆ ಮುಗಿಯಲಿಲ್ಲ. ಅವಳ ಸಂಶಯದಲ್ಲಿ ಒಂದಿಷ್ಟು ನಿಜವೂ ಇತ್ತೆಂಬುದು ನನಗೆ ತಿಳಿದದ್ದು ತೀರ ಈಚೆಗೆ. 1985ರಲ್ಲಿ ಇದ್ದ ಓ.ಆರ್.ಎಸ್. ದ್ರಾವಣದಲ್ಲಿ ಕರಗಿದ ಕಣಗಳ ಒಟ್ಟು ಪ್ರಮಾಣ 311. ನಮ್ಮ ರಕ್ತದಲ್ಲಿರುವುದು ಸುಮಾರು 290. ಎಂದರೆ ದ್ರಾವಣ ರಕ್ತಕ್ಕಿಂತ ತುಸು ಗಟ್ಟಿಯಾಗಿತ್ತು. ಅವಳು ಹೇಳಿದಂತೆಯೇ ಅದು ಸ್ವಲ್ಪ ನೀರನ್ನು ಹೊರಕ್ಕೆ ಸೆಳೆಯುವ ಸಾಧ್ಯತೆ ಇತ್ತು. ಜೀವ ಉಳಿಸಿತಾದರೂ ಮಕ್ಕಳ ಭೇದಿಯನ್ನು ಅಷ್ಟಾಗಿ ತಗ್ಗಿಸುತ್ತಿರಲಿಲ್ಲ. ಹಲವು ದೇಶಗಳ ಅಧ್ಯಯನಗಳ ಬಳಿಕ 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಉಪ್ಪು, ಗ್ಲೂಕೋಸ್ ಎರಡನ್ನೂ ಇಳಿಸಿ, ಆ ಅಂಕಿಯನ್ನು 245ಕ್ಕೆ ತಂದವು. ಈಗ ಒಂದು ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜತೆಗೆ ಪೊಟ್ಯಾಸಿಯಂ ಕ್ಲೋರೈಡ್ ಮತ್ತು ಸಿಟ್ರೇಟ್. ಹದಿಮೂರು ವರ್ಷದ ಹುಡುಗಿ ಹಿಂದಿನ ಬೆಂಚಿನಿಂದ ಕೇಳಿದ್ದನ್ನು ತಜ್ಞರು ಹದಿನೇಳು ವರ್ಷಗಳ ಬಳಿಕ ಕಾರ್ಯರೂಪಕ್ಕೆ ತಂದಿದ್ದರು.

ಮೊಮ್ಮಕ್ಕಳಿರುವವರಿಗೆ ಒಂದು ಮಾತು. ಪೊಟ್ಟಣದ ಮೇಲೆ ಬರೆದಷ್ಟೇ ನೀರಿನಲ್ಲಿ, ಕುದಿಸಿ ಆರಿಸಿದ ನೀರಿನಲ್ಲಿ, ಪೂರ್ತಿ ಪುಡಿಯನ್ನು ಕದಡಿ. ರುಚಿಗೆಂದು ಇನ್ನಷ್ಟು ಸಕ್ಕರೆ ಹಾಕಬೇಡಿ. ಸಕ್ಕರೆ ಹೆಚ್ಚಾದರೆ ಭರಣಿಯ ನಿಯಮ ಕೆಲಸ ಮಾಡುತ್ತದೆ. ಬಣ್ಣದ ಡಬ್ಬಿಗಳಲ್ಲಿ ಓ.ಆರ್.ಎಸ್. ಎಂಬ ಹೆಸರಿನಲ್ಲಿ ಸಿಹಿ ಪಾನೀಯಗಳು ಮಾರಾಟವಾಗುತ್ತಿದ್ದುದರಿಂದಲೇ, 2025ರ ಅಕ್ಟೋಬರಿನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವು ಅಂತಹ ಪಾನೀಯಗಳಿಗೆ ಆ ಹೆಸರನ್ನು ಬಳಸಬಾರದೆಂದು ಆದೇಶಿಸಿತು. ಮಗು ಮಂಕಾದರೆ, ಮೂತ್ರ ನಿಂತರೆ, ಕುಡಿದದ್ದು ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿಗೆ ಒಯ್ಯಿರಿ.

ನನ್ನ ಪಾಠದಲ್ಲಿ ಇದ್ದ ಇನ್ನೊಂದು ಕೊರತೆಯನ್ನೂ ಹೇಳಿಬಿಡುತ್ತೇನೆ. ಪೊರೆ ನೀರನ್ನು ಸುಲಭವಾಗಿ ಬಿಡುತ್ತದೆ ಎಂದು ಎಷ್ಟೋ ವರ್ಷ ಹೇಳಿದೆ. ಎಣ್ಣೆಯ ಗೋಡೆಯನ್ನು ನೀರು ಅಷ್ಟು ವೇಗವಾಗಿ ದಾಟುವುದು ಹೇಗೆಂದು ನಾನೂ ಯೋಚಿಸಲಿಲ್ಲ, ಯಾರೂ ಕೇಳಲೂ ಇಲ್ಲ. ಅಮೆರಿಕದ ಪೀಟರ್ ಅಗ್ರೆ ರಕ್ತದ ಗುಂಪಿಗೆ ಸಂಬಂಧಿಸಿದ ಪ್ರೋಟೀನೊಂದನ್ನು ಹುಡುಕುತ್ತಿದ್ದಾಗ ಬೇಡದ ಕಸದಂತೆ ಇನ್ನೊಂದು ಪ್ರೋಟೀನು ಜತೆಗೆ ಬರುತ್ತಿತ್ತು. 1992ರಲ್ಲಿ ಅವರ ತಂಡ ಕಪ್ಪೆಯ ಮೊಟ್ಟೆಯ ಕೋಶಗಳಲ್ಲಿ ಅದನ್ನು ಉತ್ಪತ್ತಿಯಾಗುವಂತೆ ಮಾಡಿ ಸಿಹಿನೀರಿಗೆ ಹಾಕಿತು. ಸಾಮಾನ್ಯ ಮೊಟ್ಟೆಗಳು ಹಾಗೆಯೇ ಉಳಿದವು. ಈ ಮೊಟ್ಟೆಗಳು ಕೆಲವೇ ನಿಮಿಷಗಳಲ್ಲಿ ಉಬ್ಬಿ ಒಡೆದವು. ಅದು ನೀರಿಗೆಂದೇ ಇರುವ ಬಾಗಿಲು. ಅಕ್ವಪೋರಿನ್ ಎಂಬ ಈ ಬಾಗಿಲಿಗಾಗಿ ಅಗ್ರೆ 2003ರಲ್ಲಿ ನೊಬೆಲ್ ಪಾರಿತೋಷಕದ ಅರ್ಧ ಪಾಲನ್ನು ಪಡೆದರು. ನಾನು ಸೇವೆಯಿಂದ ನಿವೃತ್ತನಾಗುವುದಕ್ಕೆ ಆಗ ಎರಡೇ ವರ್ಷ ಉಳಿದಿತ್ತು. ಪಠ್ಯಪುಸ್ತಕಕ್ಕೆ ಅದು ಬರುವಾಗ ನಾನು ತರಗತಿಯಲ್ಲಿರಲಿಲ್ಲ.

ಆ ಹುಡುಗಿ ಈಗ ಎಲ್ಲಿದ್ದಾಳೋ ತಿಳಿಯದು. ಹತ್ತನೆಯ ತರಗತಿಯ ಬಳಿಕ ಓದು ನಿಲ್ಲಿಸಿದಳೆಂದು ಕೇಳಿದ್ದೆ. ಹೆಸರು ಬರೆಯುವುದಿಲ್ಲ, ಇದನ್ನು ಓದಿದರೆ ತನ್ನ ಮಾತೇ ಎಂದು ಅವಳಿಗೆ ಗೊತ್ತಾಗುತ್ತದೆ. ಅವಳ ಸಹಪಾಠಿಗಳು ಯಾರಾದರೂ ಸಂಪರ್ಕದಲ್ಲಿದ್ದರೆ ಅವಳಿಗೆ ಇದನ್ನು ಓದಿ ಹೇಳಬೇಕೆಂದು ಕೋರುತ್ತೇನೆ. ಮಗಳೇ, ನಿನ್ನ ಪ್ರಶ್ನೆ ಸರಿಯಾಗಿತ್ತು. ನನಗೆ ಉತ್ತರ ಗೊತ್ತಿರಲಿಲ್ಲ. ಅಂದು ಹೇಳಬೇಕಾಗಿದ್ದುದು ಅಷ್ಟೇ.